ಮಾರಿದ್ದೆಲ್ಲ ಗಳಿಕೆ ಅಲ್ಲ



ನಮ್ಮ ರಾವೂರ, ವಾಡಿ, ಶಹಾಬಾದ ಕಡೆ ಕೈಕಟ್ಟಿ ಕೂತ ಹೆಣ್ಣುಮಕ್ಕಳು ಕಡಿಮೆ. ಒಬ್ಬರು ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಇನ್ನೊಬ್ಬರು ಹೊಲಿಗೆ ಮಶೀನು ಇಟ್ಟಿದ್ದಾರೆ. ಫರ್ಸಿ ಖಣಿಯ ದಾರಿಯಲ್ಲಿ ಚಹಾ, ಭಜಿ ಮಾರುವವರು ಇದ್ದಾರೆ. ಸಿಮೆಂಟ್ ಕಾರ್ಖಾನೆಯ ಕೆಲಸಗಾರರಿಗೆ ಊಟದ ಡಬ್ಬಿ ಕೊಡುವವರೂ ಇದ್ದಾರೆ. ಇವರಿಗೆ ಯಾರೂ ಪಗಾರ ಕೊಡುವುದಿಲ್ಲ. ಇದು ಸ್ವಂತ ದುಡಿಮೆ.

ಈಗ ಇವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ. "ನಮಗೂ ಆದಾಯ ತೆರಿಗೆ ಬರ್ತದೇನ್ರಿ?"

ಬನ್ನಿ, ನಿಧಾನವಾಗಿ ತಿಳಿದುಕೊಳ್ಳೋಣ.

ಈ ಭಯ ಎಲ್ಲಿಂದ ಬಂತು?

2025ರ ಜುಲೈ ತಿಂಗಳು. ಕರ್ನಾಟಕದ ಬಹಳ ಮಂದಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ತೆರಿಗೆ ಕಟ್ಟು ಎಂದು ಬಂತು. ನಾಲ್ಕು ವರ್ಷ ಗಿರಾಕಿಗಳು ಫೋನಿನಿಂದ ಹಾಕಿದ ರೊಕ್ಕದ ಲೆಕ್ಕ ನೋಡಿ ನೋಟಿಸು ಕೊಟ್ಟಿದ್ದರು. ಸುದ್ದಿ ಕೇಳಿ ಎಷ್ಟೋ ಅಂಗಡಿಯವರು ಫೋನ್ ಪಾವತಿಯ ಸ್ಕ್ಯಾನರ್ ತೆಗೆದಿಟ್ಟರು. "ನಗದು ಮಾತ್ರ" ಎಂದು ಚೀಟಿ ಅಂಟಿಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಆಮೇಲೆ ಹೇಳಿದರು.

ಆದರೆ ಆ ನೋಟಿಸು ಆದಾಯ ತೆರಿಗೆಯದಲ್ಲ. ಅದು ಜಿಎಸ್‌ಟಿಯದು. ಎರಡೂ ಬೇರೆ ಬೇರೆ.

ಜಿಎಸ್‌ಟಿ ಎಂದರೆ ಮಾರಾಟದ ಮೇಲಿನ ತೆರಿಗೆ. ಸಾಮಾನು ಮಾರುವವರ ವರ್ಷದ ಮಾರಾಟ 40 ಲಕ್ಷ ದಾಟಿದರೆ ನೋಂದಣಿಯ ಮಾತು ಬರುತ್ತದೆ. ಹೊಲಿಗೆಯಂಥ ಸೇವೆಗೆ ಈ ಮಿತಿ 20 ಲಕ್ಷ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ.

ಆದಾಯ ತೆರಿಗೆ ಹಾಗಲ್ಲ. ಅದು ಖರ್ಚು ಕಳೆದು ಕೈಯಲ್ಲಿ ಉಳಿದ ಗಳಿಕೆಯ ಮೇಲಿನ ತೆರಿಗೆ.

ಮಾರಾಟ ಬೇರೆ, ಗಳಿಕೆ ಬೇರೆ

ಒಬ್ಬ ಅಕ್ಕ ದಿನಾ 200 ರೊಟ್ಟಿ ಮಾರುತ್ತಾಳೆ ಎಂದು ಇಟ್ಟುಕೊಳ್ಳೋಣ. ಒಂದು ರೊಟ್ಟಿಗೆ 8 ರೂಪಾಯಿ. ದಿನದ ಮಾರಾಟ 1,600 ರೂಪಾಯಿ. ಇಷ್ಟೂ ಅವಳದೇ? ಖರ್ಚು ನೋಡೋಣ.

ಜೋಳಕ್ಕೆ 600 ರೂಪಾಯಿ
ಗಿರಣಿಗೆ 60 ರೂಪಾಯಿ
ಗ್ಯಾಸಿಗೆ 200 ರೂಪಾಯಿ
ಕೈಗೂಡುವ ಹೆಣ್ಣುಮಗಳ ಕೂಲಿ 300 ರೂಪಾಯಿ
ಚೀಲ, ಆಟೋ 40 ರೂಪಾಯಿ
ಒಟ್ಟು ಖರ್ಚು 1,200 ರೂಪಾಯಿ

ಉಳಿದದ್ದು 400 ರೂಪಾಯಿ. ತಿಂಗಳಿಗೆ 25 ದಿನ ಕೆಲಸ. ತಿಂಗಳಿಗೆ 10,000 ರೂಪಾಯಿ ಆಯಿತು. ವರ್ಷಕ್ಕೆ 1,20,000 ರೂಪಾಯಿ.

ಅದೇ ವರ್ಷದ ಮಾರಾಟ ಎಷ್ಟು? 4,80,000 ರೂಪಾಯಿ. ಬ್ಯಾಂಕಿನ ಪುಸ್ತಕದಲ್ಲಿ ಕಾಣುವುದು ಈ ದೊಡ್ಡ ಅಂಕಿ. ಖರ್ಚು ಬರೆದಿಟ್ಟಿಲ್ಲ ಎಂದರೆ, "ನನಗೆ ಉಳಿದದ್ದು ಇಷ್ಟೇ" ಎಂದು ಅಕ್ಕ ತೋರಿಸುವುದು ಹೇಗೆ? ಬರೆದ ಲೆಕ್ಕವೇ ಅವಳಿಗೆ ಸಾಕ್ಷಿ.

ಎಷ್ಟಕ್ಕೆ ತೆರಿಗೆ?

ನಮ್ಮ ದೇಶದಲ್ಲಿ ಆದಾಯ ತೆರಿಗೆ ಬಂದದ್ದು 1860ರಲ್ಲಿ, ಬ್ರಿಟಿಷರ ಕಾಲಕ್ಕೆ. ಬಹಳ ವರ್ಷ 1961ರ ಕಾಯ್ದೆ ನಡೆಯಿತು. ಅದರ ಬದಲಿಗೆ 2025ರಲ್ಲಿ ಹೊಸ ಕಾಯ್ದೆ ಮಾಡಿದರು. ಅದು ಜಾರಿಗೆ ಬರುವ ದಿನ 2026ರ ಏಪ್ರಿಲ್ 1.

2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ಮಿತಿ ಹೀಗೆ ಗೊತ್ತುಮಾಡಿದರು. ವರ್ಷದ ಗಳಿಕೆ 4 ಲಕ್ಷದವರೆಗೆ ತೆರಿಗೆ ಇಲ್ಲ. 4 ಲಕ್ಷ ದಾಟಿದರೆ ಲೆಕ್ಕ ಒಪ್ಪಿಸಬೇಕು. ಇದಕ್ಕೆ ರಿಟರ್ನ್ ಎನ್ನುತ್ತಾರೆ. ಆದರೂ ದುಡಿಮೆಯ ಗಳಿಕೆ 12 ಲಕ್ಷದ ಒಳಗೆ ಇದ್ದರೆ ರಿಯಾಯಿತಿ ಸಿಕ್ಕು ಕಟ್ಟುವ ತೆರಿಗೆ ಸೊನ್ನೆ ಆಗುತ್ತದೆ. ಮಾರಾಟವೇ 60 ಲಕ್ಷ ದಾಟಿದರೆ, ಗಳಿಕೆ ಕಡಿಮೆ ಇದ್ದರೂ ರಿಟರ್ನ್ ಕೊಡಬೇಕು.

ನಮ್ಮ ರೊಟ್ಟಿ ಅಕ್ಕನ ಗಳಿಕೆ 1,20,000. ಅವಳಿಗೆ ತೆರಿಗೆ ಇಲ್ಲ.

ದೊಡ್ಡ ಲೆಕ್ಕದ ಪುಸ್ತಕ ಇಡಲಾಗದ ಸಣ್ಣ ವ್ಯಾಪಾರಿಗೆ ಸುಲಭದ ದಾರಿಯೂ ಇದೆ. ವರ್ಷದ ಮಾರಾಟ 2 ಕೋಟಿಯ ಒಳಗಿದ್ದರೆ ಇದು ಸಿಗುತ್ತದೆ. ನಗದು ಮಾರಾಟದಲ್ಲಿ 100 ರೂಪಾಯಿಗೆ ಕನಿಷ್ಠ 8 ರೂಪಾಯಿ ಗಳಿಕೆ ಎಂದು ತೋರಿಸಬೇಕು. ಬ್ಯಾಂಕು, ಫೋನಿನಿಂದ ಬಂದದ್ದಕ್ಕೆ ಕನಿಷ್ಠ 6 ರೂಪಾಯಿ ಸಾಕು. ನಿಜವಾದ ಗಳಿಕೆ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ನೋಡಿದಿರಾ? ಫೋನಿನಿಂದ ರೊಕ್ಕ ತಗೊಂಡರೆ ಕಾಯ್ದೆಯಲ್ಲಿ ಅನುಕೂಲವೇ ಇದೆ.

ಯಾವುದು ಗಳಿಕೆ ಅಲ್ಲ?

ಸಂಘದಿಂದ, ಬ್ಯಾಂಕಿನಿಂದ ತಂದ ಸಾಲ ಗಳಿಕೆ ಅಲ್ಲ. ಅದನ್ನು ತಿರುಗಿ ಕೊಡಬೇಕಲ್ಲ! ಹಬ್ಬಕ್ಕೆ ಅಣ್ಣ ಫೋನಿನಲ್ಲಿ ಹಾಕಿದ ರೊಕ್ಕವೂ ವ್ಯಾಪಾರದ್ದಲ್ಲ. ಆದರೆ ಎಲ್ಲ ಒಂದೇ ಖಾತೆಗೆ ಬಂದರೆ ಗುರುತು ಹಿಡಿಯುವುದು ಕಷ್ಟ. ಅದಕ್ಕೆ ಧಂದೆಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇಡೋಣ.

ನಮ್ಮ ಹೊಲದ ತೊಗರಿ, ಜೋಳ ಮಾರಿ ಬಂದದ್ದು ಬೇಸಾಯದ ಆದಾಯ. ಅದಕ್ಕೆ ಕೇಂದ್ರ ಸರಕಾರದ ಆದಾಯ ತೆರಿಗೆ ಇಲ್ಲ. ಬೇರೆಯವರ ತೊಗರಿ ಕೊಂಡು, ಬೇಳೆ ಮಾಡಿಸಿ ಮಾರಿದರೆ ಅದು ವ್ಯಾಪಾರ.

ಪ್ಯಾನ್ ಕಾರ್ಡು ಯಾಕ ಬೇಕು?

ಊಟ ಪೂರೈಸುವ ಅಕ್ಕನ ಸಂಗತಿ ನೋಡೋಣ. ಒಂದು ಕಂಪನಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಊಟ ಕೊಟ್ಟಳು ಎಂದುಕೊಳ್ಳಿ. ಕಂಪನಿಯವರು ಬಿಲ್ಲು ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳುತ್ತಾರೆ. ಅಕ್ಕನ ಹತ್ತಿರ ಪ್ಯಾನ್ ಇದ್ದರೆ 100ಕ್ಕೆ 1 ರೂಪಾಯಿ ಹಿಡಿಯುತ್ತಾರೆ. ಅಂದರೆ 2,000 ರೂಪಾಯಿ. ಪ್ಯಾನ್ ಇಲ್ಲದಿದ್ದರೆ 100ಕ್ಕೆ 20 ರೂಪಾಯಿ. ಅಂದರೆ 40,000 ರೂಪಾಯಿ! ಎಷ್ಟು ಫರಕು ನೋಡಿ.

ಹಿಡಿದ ರೊಕ್ಕ ಹೋಯಿತು ಎಂದು ಬಿಡಬಾರದು. ನಮಗೆ ತೆರಿಗೆ ಬರದಿದ್ದರೆ, ಪ್ಯಾನ್ ಕಾರ್ಡಿನ ಮೇಲೆ ರಿಟರ್ನ್ ಕೊಟ್ಟು ಅದನ್ನು ವಾಪಸು ಪಡೆಯಬಹುದು. ನಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಕೇಳಿದವರಿಗೆ ಮಾತ್ರ ಬರುತ್ತದೆ. ಕಟ್ಟಬೇಕಾದ ರಿಟರ್ನ್ ತಡವಾದರೆ ದಂಡವೂ ಉಂಟು. ಗಳಿಕೆ 5 ಲಕ್ಷದ ಒಳಗಿದ್ದರೆ 1,000 ರೂಪಾಯಿ, ಮೇಲಿದ್ದರೆ 5,000 ರೂಪಾಯಿ.

ಗೃಹಲಕ್ಷ್ಮಿ ರೊಕ್ಕ ನಿಲ್ತದೇನು?

2023ರಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುವವರಿದ್ದರೆ, ಜಿಎಸ್‌ಟಿ ರಿಟರ್ನ್ ಕೊಡುವವರಿದ್ದರೆ ಇದು ಸಿಗುವುದಿಲ್ಲ. ಇದು ನಿಯಮ.

ಆದರೆ ಆದಾಯ ತೆರಿಗೆಯ ರಿಟರ್ನ್ ಕೊಡುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸೊನ್ನೆ ತೆರಿಗೆಯ ರಿಟರ್ನ್ ಕೊಟ್ಟವಳು ತೆರಿಗೆ ಕಟ್ಟಿದವಳಲ್ಲ. ಆದರೂ ಕೆಲವರ ಹೆಸರು ತಪ್ಪಾಗಿ ತೆರಿಗೆದಾರರ ಪಟ್ಟಿಗೆ ಸೇರಿ ರೊಕ್ಕ ನಿಂತದ್ದುಂಟು. ಹೀಗಾದರೆ ಅಳುತ್ತ ಕೂಡುವುದು ಬೇಡ. ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ ರಸೀದಿ ತಗೊಂಡು ಚಿತ್ತಾಪುರದ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಡೋಣ. ಅರ್ಜಿಯ ಒಂದು ನಕಲು ನಮ್ಮ ಹತ್ತಿರ ಇರಲಿ.

ಹೆಸರು ನಮ್ಮದು, ಧಂದೆ ಯಾರದು?

"ನಿನ್ನ ಪ್ಯಾನ್, ಆಧಾರ್ ಕೊಡವ್ವ, ಒಂದು ಸಹಿ ಹಾಕು ಸಾಕು" ಎಂದು ಯಾರಾದರೂ ಕೇಳಬಹುದು. ಪರಿಚಯದವರೇ ಇರಬಹುದು. ನಮ್ಮ ಹೆಸರಿನಲ್ಲಿ ಅವರು ವ್ಯಾಪಾರ ಮಾಡಿದರೆ ಲಾಭ ಅವರಿಗೆ, ನೋಟಿಸು ನಮಗೆ. ಫೋನಿಗೆ ಬಂದ ಓಟಿಪಿ ಹೇಳುವುದೂ ಸಹಿ ಹಾಕಿದ ಹಾಗೆಯೇ. ಯಾತಕ್ಕೆ ಎಂದು ಕೇಳದೆ ಹೇಳಬಾರದು.

ನಾವು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೇವೆ. ಓದದೆ ಹಾಕಿದ ಸಹಿಯೂ ಹೆಬ್ಬೆಟ್ಟೇ. ಓದಿ ಹಾಕೋಣ.

ನೆನಪಿಡೋಣ

1. ಮಾರಿದ್ದೆಲ್ಲ ಗಳಿಕೆ ಅಲ್ಲ. ಖರ್ಚು ಕಳೆದು ಉಳಿದದ್ದು ಗಳಿಕೆ.
2. ದಿನಾ ರಾತ್ರಿ ಮಾರಾಟ, ಖರ್ಚು ಬರೆದಿಡೋಣ. ಚೀಟಿ, ಬಿಲ್ಲು ಒಂದು ಡಬ್ಬಿಯಲ್ಲಿ ಹಾಕೋಣ.
3. ಧಂದೆಯ ಖಾತೆ, ಮನೆಯ ಖಾತೆ ಬೇರೆ ಇಡೋಣ.
4. ನೋಟಿಸು ಬಂದರೆ ಬಚ್ಚಿಡುವುದು ಬೇಡ. ಯಾವ ಇಲಾಖೆಯದು, ಯಾವ ವರ್ಷದ್ದು, ಉತ್ತರ ಕೊಡಲು ಕಡೆಯ ದಿನ ಯಾವುದು ಎಂದು ಓದೋಣ.
5. ತೆರಿಗೆಯ ಮಿತಿ ಬಜೆಟ್ಟಿನಲ್ಲಿ ಬದಲಾಗಬಹುದು. ವರ್ಷಕ್ಕೊಮ್ಮೆ ಕೇಳಿ ತಿಳಿಯೋಣ.

ನೀವೇ ಲೆಕ್ಕ ಮಾಡಿ

ಇವತ್ತು ನೀವು ಎಷ್ಟು ರೂಪಾಯಿ ಮಾರಿದಿರಿ? ಎಷ್ಟು ಖರ್ಚಾಯಿತು? ಎಷ್ಟು ಉಳಿಯಿತು? ನಿಮ್ಮ ಕೈಯಿಂದಲೇ ಪಾಟಿಯ ಮೇಲೆ ಬರೆಯಿರಿ.