ತಂತಿ ಕಡಿದಾಗ ಹುಟ್ಟುವ ಕಿಡಿ

ಗಂಗಾವತಿ ಸೀಮೆಯ ಭತ್ತದ ಗದ್ದೆಗೆ ಎಣ್ಣೆ ಹೊಡೆಯುವ ಪೆಟ್ರೋಲ್ ಪಂಪು ಎಷ್ಟು ಹಗ್ಗ ಎಳೆದರೂ ಚಾಲೂ ಆಗದಿದ್ದರೆ ಮೆಕ್ಯಾನಿಕ್ ಕೇಳುವುದು ಒಂದೇ ಮಾತು: ‘ಕರೆಂಟ್ ಬರಾಕತ್ತೈತೇನು?’ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆಯುತ್ತಾನೆ. ನೀಲಿ ಕಿಡಿ ಚಟ್ ಎಂದರೆ ಸರಿ. ಕೆಂಪಗೆ ಸೊರಗಿದ್ದರೆ ಅವನ ಕೈ ಕಾಯಿಲ್ ಕಡೆ ಹೋಗುತ್ತದೆ.

ಆ ಪಂಪಿನಲ್ಲಿ ಬ್ಯಾಟರಿಯೇ ಇಲ್ಲ. ತಿರುಗುವ ಚಕ್ರದಲ್ಲೊಂದು ಅಯಸ್ಕಾಂತ, ಪಕ್ಕದಲ್ಲೊಂದು ಕಾಯಿಲ್, ಅಷ್ಟೇ.

ಇದರ ಬೇರು 1831ರಲ್ಲಿದೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದೇ ಕಬ್ಬಿಣದ ಬಳೆಗೆ ಎರಡು ತಂತಿ ಸುತ್ತಿದರು. ಮೊದಲನೆಯದರಲ್ಲಿ ವಿದ್ಯುತ್ ಸಮನಾಗಿ ಹರಿಯುವಾಗ ಎರಡನೆಯದು ಸುಮ್ಮನಿತ್ತು. ಜೋಡಿಸಿದ ಕ್ಷಣ, ಕಡಿದ ಕ್ಷಣ ಮಾತ್ರ ಎರಡನೆಯದಕ್ಕೆ ಕಟ್ಟಿದ ಮಾಪಕದ ಮುಳ್ಳು ಮಿಸುಕಿತು. 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೋಲಸ್ ಕ್ಯಾಲನ್ ಆ ಕಡಿತವನ್ನೇ ಹಿಡಿದು ಹೈವೋಲ್ಟೇಜ್ ಕಾಯಿಲ್ ಮಾಡಿದರು. 1902ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೋ (ಅಯಸ್ಕಾಂತ ತಿರುಗಿಸಿ ವಿದ್ಯುತ್ ಹುಟ್ಟಿಸುವ ಸಾಧನ) ಮತ್ತು ಪ್ಲಗ್ ಜೋಡಿಸಿದರು. ಅದೇ ಬಾಷ್ ನಂಟಿನಿಂದ 1951ರಲ್ಲಿ ಮೈಕೋ ಕಂಪನಿ ಹುಟ್ಟಿತು. ಬೆಂಗಳೂರಿನ ಆಡುಗೋಡಿಯ ಅದರ ಪ್ಲಗ್ಗುಗಳು ನಮ್ಮೂರ ಗ್ಯಾರೇಜುಗಳಿಗೂ ಬಂದವು. ಮೈಸೂರಿನ ಜಾವಾ ಬೈಕು 1961ರಿಂದ ಆರು ವೋಲ್ಟ್ ಬ್ಯಾಟರಿ, ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್, ಕಾಯಿಲ್ ಇಟ್ಟುಕೊಂಡು ಓಡಿತು.

ಕುಷ್ಟಗಿ, ಯಲಬುರ್ಗಾದ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಇಂಥ ಕಿಡಿ ಹಾರಿಸುವ ಮಾದರಿ ಕಟ್ಟುವುದಾದರೆ ಹಳೆ ಬೈಕಿನ ಕಾಯಿಲ್ ಸಾಕು. ಒಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಹೊಸಬರು ಬ್ಯಾಟರಿ ಜೋಡಿಸಿ ಕಿಡಿಗೆ ಕಾಯುತ್ತಾರೆ, ಬರುವುದಿಲ್ಲ. ಪಾಯಿಂಟ್ ಬಿಟ್ಟುಕೊಂಡು ಕರೆಂಟ್ ಕಡಿದಾಗಲೇ ಕಾಂತಬಲ ಒಮ್ಮೆಲೇ ಕುಸಿದು, ದಪ್ಪ ತಂತಿಯಲ್ಲಿ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ; ಸಣ್ಣ ತಂತಿಯಲ್ಲಿ ಅದು ಹದಿನೈದಿಪ್ಪತ್ತು ಸಾವಿರವಾಗಿ ಪ್ಲಗ್ಗಿನ ಅರ್ಧ ಮುಕ್ಕಾಲು ಮಿಲಿಮೀಟರ್ ಸಂದನ್ನು ಹಾರುತ್ತದೆ. ಕಡಿತ ಎಷ್ಟು ಚುರುಕೋ ಕಿಡಿ ಅಷ್ಟು ಗಟ್ಟಿ. ಪಾಯಿಂಟಿಗೆ ಅಡ್ಡಲಾಗಿ ಕಂಡೆನ್ಸರ್ ಇರುವುದು ಇದಕ್ಕೇ: ಅದು ಸತ್ತರೆ ಬೆಂಕಿಯೆಲ್ಲ ಪಾಯಿಂಟಿನಲ್ಲೇ ಉರಿದುಹೋಗಿ ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ.

ಪ್ಲಗ್ಗಿನ ಮೈಗೆ ಅರ್ತ್ ಕೊಡದೆ ಚಾಲೂ ಮಾಡಬಾರದು, ಕಾಯಿಲ್ ಒಳಗೇ ಸುಡುತ್ತದೆ. ಸುತ್ತ ಪೆಟ್ರೋಲಿನ ವಾಸನೆಯೂ ಇರಬಾರದು. ಹೈಟೆನ್ಶನ್ ತಂತಿಗೆ ಕೈ ತಾಗದಂತೆ, ದೊಡ್ಡವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು.

ಈಗ ಪಾಯಿಂಟಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿದೆ. ಕೊಪ್ಪಳದಲ್ಲಿ ಹಳೆ ಜಾವಾ ಇಟ್ಟುಕೊಂಡವರು ಮಾತ್ರ ಇನ್ನೂ ಪಾಲಿಶ್ ಪೇಪರ್ ಹಿಡಿದು ಪಾಯಿಂಟ್ ಉಜ್ಜಬೇಕು.