ನಿಯಾಸಿನ್: ಆಹಾರ, ಔಷಧ ಮತ್ತು ನಂಬಿಕೆ

ಜನಪದ ವೈದ್ಯದಲ್ಲಿ ಆಹಾರ ಮತ್ತು ಔಷಧಗಳ ನಡುವೆ ಸ್ಪಷ್ಟವಾದ ಗೆರೆಯಿಲ್ಲ. ಅಡುಗೆಯಲ್ಲಿ ಬಳಸುವ ಶುಂಠಿ, ಮೆಣಸುಗಳೇ ಕಷಾಯದಲ್ಲಿ ಮದ್ದಾಗುತ್ತವೆ. ಪ್ರಮಾಣ ಮತ್ತು ಸಂದರ್ಭಗಳು ಅವುಗಳ ಸ್ವರೂಪವನ್ನು ನಿರ್ಧರಿಸುತ್ತವೆ. ಆಧುನಿಕ ವೈದ್ಯದಲ್ಲಿ ಇಂತಹ ದ್ವಿಮುಖ ಸ್ವರೂಪವನ್ನು ಪಡೆದ ವಸ್ತುಗಳಲ್ಲಿ ನಿಯಾಸಿನ್, ಅರ್ಥಾತ್ ಬಿ-3 ಜೀವಸತ್ವ, ಪ್ರಮುಖವಾದುದು. ಕೊರತೆಯ ರೋಗಕ್ಕೆ ಪರಿಹಾರವಾಗಿ ಬಂದ ಇದು ಕೊಲೆಸ್ಟರಾಲ್ ಔಷಧವಾಗಿ, ಅನಂತರ ಪೂರಕ ಮಾತ್ರೆಯಾಗಿ ಬಳಕೆಗೆ ಬಂದ ಬಗೆಯನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಹಿನ್ನೆಲೆ

ನಿಯಾಸಿನ್ ಕೊರತೆಯಿಂದ ಬರುವ ರೋಗ ಪೆಲಾಗ್ರ. ಸ್ಪೇನಿನ ಆಸ್ಟೂರಿಯಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಇದನ್ನು ಗುರುತಿಸಿದನು. ಅಲ್ಲಿನ ರೈತರು ಚರ್ಮದ ಕೆಂಪು ಕಲೆಗಳನ್ನು ಕಂಡು ಇದನ್ನು ಗುಲಾಬಿಯ ಬೇನೆ ಎಂದು ಕರೆಯುತ್ತಿದ್ದರು. 1771ರಲ್ಲಿ ಇಟಲಿಯ ಫ್ರಾಪೊಲ್ಲಿ ದಾಖಲಿಸಿದ ‘ಪೆಲಾಗ್ರ’ ಎಂಬ ಹೆಸರೂ ಒರಟು ಚರ್ಮ ಎಂಬರ್ಥದ ಗ್ರಾಮ್ಯ ಪದವೇ. ರೋಗದ ಕಾರಣ ತಿಳಿಯುವ ಬಹುಕಾಲ ಮೊದಲೇ ಜನಪದವು ಅದರ ಲಕ್ಷಣವನ್ನು ಹೆಸರಿನಲ್ಲಿ ಹಿಡಿದಿಟ್ಟಿತ್ತೆಂಬುದು ಗಮನಾರ್ಹ.

ಮೆಕ್ಕೆಜೋಳದ ಮೂಲ ನೆಲೆಯಾದ ಮೆಕ್ಸಿಕೋದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುವ ಪದ್ಧತಿಯಿದೆ. ಇದರಿಂದ ಕಾಳಿನಲ್ಲಿ ಬಂಧಿತವಾದ ನಿಯಾಸಿನ್ ದೇಹಕ್ಕೆ ದಕ್ಕುತ್ತದೆ. ಯೂರೋಪು ಬೆಳೆಯನ್ನು ಒಯ್ದಿತು, ಅದರೊಂದಿಗಿದ್ದ ಅಡುಗೆಯ ಅರಿವನ್ನು ಒಯ್ಯಲಿಲ್ಲ. ದಖ್ಖನ್ ಪ್ರಸ್ಥಭೂಮಿಯ ಜೋಳ ಉಣ್ಣುವ ಬಡವರಲ್ಲಿಯೂ ಈ ರೋಗ ಕಂಡುಬಂದಿತ್ತು. 1960ರ ದಶಕದಲ್ಲಿ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಇದಕ್ಕೆ ಕಾರಣವೆಂದು ಮುಂದಿಟ್ಟರು.

1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹೆಮ್ ನಿಕೋಟಿನಿಕ್ ಆಮ್ಲವೇ ಕೊರತೆಯ ಅಂಶವೆಂದು ತೋರಿಸಿದನು. ತಂಬಾಕಿನ ನಿಕೋಟಿನ್‌ನೊಡನೆ ಜನ ಇದನ್ನು ತಪ್ಪಾಗಿ ಜೋಡಿಸಬಾರದೆಂದು ‘ನಿಯಾಸಿನ್’ ಎಂಬ ಹೊಸ ಹೆಸರು ರೂಢಿಗೆ ಬಂದಿತು.

ಕೊಲೆಸ್ಟರಾಲ್ ಚಿಕಿತ್ಸೆ

1955ರಲ್ಲಿ ಕೆನಡಾದ ಆಲ್ಟ್‌ಶುಲ್, ಹಾಫರ್ ಮತ್ತು ಸ್ಟೀಫನ್ ಅಧಿಕ ಪ್ರಮಾಣದ ನಿಯಾಸಿನ್ ರಕ್ತದ ಕೊಲೆಸ್ಟರಾಲನ್ನು ಇಳಿಸುತ್ತದೆಂದು ವರದಿ ಮಾಡಿದರು. ಇಲ್ಲಿ ಪ್ರಮಾಣದ ಅಂತರ ಮುಖ್ಯ. ವಯಸ್ಕರ ದೈನಿಕ ಅಗತ್ಯ ಸುಮಾರು 14ರಿಂದ 16 ಮಿಲಿಗ್ರಾಂ. ಚಿಕಿತ್ಸೆಯಲ್ಲಿ ಬಳಕೆಯಾದುದು 1ರಿಂದ 3 ಗ್ರಾಂ, ಅಂದರೆ ಅಗತ್ಯದ ನೂರು ಪಟ್ಟಿನ ಆಸುಪಾಸು. ಈ ಪ್ರಮಾಣದಲ್ಲಿ ಅದು ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ಗಳನ್ನು ತಗ್ಗಿಸಿ, ಒಳ್ಳೆಯದೆಂದು ಹೆಸರಾದ ಎಚ್‌ಡಿಎಲ್ ಅನ್ನು ಏರಿಸುತ್ತದೆ. ಅದೇ ಜೀವಸತ್ವದ ಇನ್ನೊಂದು ರೂಪವಾದ ನಿಕೋಟಿನಮೈಡ್‌ಗೆ ಈ ಗುಣವಿಲ್ಲ.

ಅಡ್ಡ ಪರಿಣಾಮ ಮತ್ತು ನಿರ್ವಹಣೆ

ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲಿ ಮುಖ, ಕತ್ತು, ಎದೆ ಕೆಂಪೇರಿ ಉರಿ ಮತ್ತು ತುರಿಕೆ ಉಂಟಾಗುವುದು ಇದರ ಪ್ರಸಿದ್ಧ ಪರಿಣಾಮ. ಉಷ್ಣ-ಶೀತಗಳ ಚೌಕಟ್ಟಿನಲ್ಲಿ ದೇಹವನ್ನು ಅರಿಯುವ ಕನ್ನಡ ಜನಪದಕ್ಕೆ ಇದು ಸಹಜವಾಗಿ ‘ಉಷ್ಣವಾಯಿತು’ ಎಂದೇ ತೋರಬಹುದು. ವಾಸ್ತವದಲ್ಲಿ ಚರ್ಮದ ಕೋಶಗಳಿಂದ ಬಿಡುಗಡೆಯಾಗುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಕಿರು ರಕ್ತನಾಳಗಳನ್ನು ಹಿಗ್ಗಿಸುವುದೇ ಇದಕ್ಕೆ ಕಾರಣ. ಅಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಏರಿಸುವುದು, ಊಟದೊಂದಿಗೆ ಸೇವಿಸುವುದು, ಆ ವೇಳೆಯಲ್ಲಿ ಬಿಸಿ ಪಾನೀಯ, ಮದ್ಯ, ಖಾರಗಳನ್ನು ತ್ಯಜಿಸುವುದು ರೂಢಿಯ ಉಪಾಯಗಳು. ಅರ್ಧ ಗಂಟೆ ಮೊದಲು ಆಸ್ಪಿರಿನ್ ಕೊಡುವ ಕ್ರಮವೂ ಇದೆ. ಜಠರದ ರಕ್ತಸ್ರಾವದ ಭಯವಿರುವುದರಿಂದ ಅದು ವೈದ್ಯರ ನಿರ್ಧಾರಕ್ಕೆ ಸೇರಿದ್ದು.

ಕಣ್ಣಿಗೆ ಕಾಣುವ ಕೆಂಪಿಗಿಂತ ಕಾಣದ ಪರಿಣಾಮಗಳು ಗಂಭೀರ. ರಕ್ತದ ಸಕ್ಕರೆ ಮತ್ತು ಯೂರಿಕ್ ಆಮ್ಲ ಏರಬಹುದು, ಯಕೃತ್ತಿಗೆ ಹಾನಿಯಾಗಬಹುದು. ಕೆಂಪೇರುವುದನ್ನು ತಪ್ಪಿಸಲು ರೂಪಿಸಿದ ನಿಧಾನ ಬಿಡುಗಡೆಯ ಕೆಲವು ಮಾತ್ರೆಗಳಲ್ಲಿ ಯಕೃತ್ತಿನ ಅಪಾಯ ಹೆಚ್ಚೆಂಬುದು ಇಲ್ಲಿನ ವಿಪರ್ಯಾಸ. ಕೆಂಪೇರಿಸುವುದಿಲ್ಲವೆಂದು ಮಾರುವ ಇನೊಸಿಟಾಲ್ ಹೆಕ್ಸನಿಕೋಟಿನೇಟ್ ಮಾತ್ರೆಗಳಿಂದ ರಕ್ತಕ್ಕೆ ಸೇರುವ ನಿಯಾಸಿನ್ ಅತ್ಯಲ್ಪವಾದ್ದರಿಂದ, ಅವುಗಳಿಂದ ಕೊಲೆಸ್ಟರಾಲ್ ಇಳಿಯುವ ನಿರೀಕ್ಷೆಯೂ ಅಲ್ಪ.

ಪುನರ್ವಿಮರ್ಶೆ

ಹಿಂದೊಮ್ಮೆ ಹೃದಯಾಘಾತಕ್ಕೆ ಒಳಗಾದ ಪುರುಷರ ಮೇಲೆ ಅಮೆರಿಕದಲ್ಲಿ 1966ರಿಂದ 1975ರವರೆಗೆ ನಡೆದ ಪ್ರಯೋಗದಲ್ಲಿ, ನಿಯಾಸಿನ್ ಪಡೆದವರಲ್ಲಿ ಮಾರಕವಲ್ಲದ ಹೃದಯಾಘಾತಗಳು ಕಡಿಮೆಯಾಗಿದ್ದವು. ಆದರೆ ಅಂದು ಸ್ಟ್ಯಾಟಿನ್ ಔಷಧಗಳಿರಲಿಲ್ಲ. ಸ್ಟ್ಯಾಟಿನ್ ಪಡೆಯುತ್ತಿದ್ದ 3,414 ರೋಗಿಗಳ ಮೇಲಿನ ಏಮ್-ಹೈ ಪ್ರಯೋಗವನ್ನು ಹೆಚ್ಚುವರಿ ಪ್ರಯೋಜನ ಕಾಣದೆ 2011ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 25,673 ಮಂದಿ ಪಾಲ್ಗೊಂಡ, 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕೆಂಪು ತಡೆಯುವ ಲಾರೋಪಿಪ್ರಾಂಟ್ ಜೊತೆಗೆ ನಿಯಾಸಿನ್ ಕೊಟ್ಟಾಗಲೂ ಹೃದಯಕ್ಕೆ ಗಣನೀಯ ಲಾಭ ದೊರೆಯಲಿಲ್ಲ. ಮಧುಮೇಹ, ಸೋಂಕು, ರಕ್ತಸ್ರಾವಗಳು ಹೆಚ್ಚಿದವು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಸ್ಟ್ಯಾಟಿನ್-ನಿಯಾಸಿನ್ ಸಂಯುಕ್ತ ಮಾತ್ರೆಗಳಿಗಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಅಧಿಕ ನಿಯಾಸಿನ್ ದೇಹದಲ್ಲಿ ವಿಭಜನೆಗೊಂಡು ಉಳಿಯುವ ಒಂದು ಅಂಶಕ್ಕೂ ಹೃದ್ರೋಗಕ್ಕೂ ಸಂಬಂಧವಿರುವುದನ್ನು 2024ರ ಅಧ್ಯಯನವೊಂದು ಸೂಚಿಸಿದೆ.

ರಕ್ತಪರೀಕ್ಷೆಯ ಅಂಕಿ ಸುಧಾರಿಸಿದರೆ ಆರೋಗ್ಯವೂ ಸುಧಾರಿಸಿತೆಂಬುದು, ಜೀವಸತ್ವ ಎಷ್ಟಾದರೂ ನಿರಪಾಯವೆಂಬುದು ನಮ್ಮ ಕಾಲದ ಹೊಸ ನಂಬಿಕೆಗಳು. ಸುಣ್ಣದ ನೀರಿನಲ್ಲಿ ಜೋಳ ಬೇಯಿಸಿದ ಜನಪದದ ಅರಿವು ತಲೆಮಾರುಗಳ ಅನುಭವದಲ್ಲಿ ಸಾಣೆಗೊಂಡುದು. ಅಂಗಡಿಯ ಮಾತ್ರೆಗೆ ಅಂತಹ ಅನುಭವದ ಕಾವಲಿಲ್ಲ. ಆದ್ದರಿಂದ ಗ್ರಾಂ ಪ್ರಮಾಣದ ನಿಯಾಸಿನ್ ಅನ್ನು ಪೂರಕ ಆಹಾರವೆಂದು ಎಣಿಸದೆ, ಯಕೃತ್ತು, ಸಕ್ಕರೆ, ಯೂರಿಕ್ ಆಮ್ಲಗಳ ಪರೀಕ್ಷೆಯೊಡನೆ ವೈದ್ಯರ ನಿಗಾದಲ್ಲಿ ಮಾತ್ರ ಬಳಸಬೇಕಾದ ಔಷಧವೆಂದು ಪರಿಗಣಿಸುವುದು ಉಚಿತ.