ಶಿಬಿರ ಮುಗಿದ ಮೇಲೆ ಉಳಿಯುವುದೇನು?

ನಮ್ಮ ಧರ್ಮಕೇಂದ್ರಗಳಲ್ಲಿ ತರಬೇತಿ ಶಿಬಿರಗಳಿಗೆ ಕೊರತೆಯಿಲ್ಲ. ಉಪದೇಶಿಗಳಿಗೆ, ಸ್ವಸಹಾಯ ಸಂಘದ ಮಹಿಳೆಯರಿಗೆ, ವಿವಾಹಕ್ಕೆ ಸಿದ್ಧರಾಗುತ್ತಿರುವ ಯುವಜನರಿಗೆ, ಕಿರು ಕ್ರೈಸ್ತ ಸಮುದಾಯಗಳ ಮುಂದಾಳುಗಳಿಗೆ ವರ್ಷವಿಡೀ ಒಂದಲ್ಲ ಒಂದು ಶಿಬಿರ ನಡೆದೇ ಇರುತ್ತದೆ. ಪ್ರಾರ್ಥನೆ, ದೀಪ ಬೆಳಗುವಿಕೆ, ಸ್ವಾಗತ, ಉಪನ್ಯಾಸ, ಚಹಾ, ಮತ್ತೊಂದು ಉಪನ್ಯಾಸ, ಊಟ, ಊಟದ ನಂತರ ತೂಕಡಿಕೆಯ ನಡುವೆ ಮೂರನೆಯ ಉಪನ್ಯಾಸ, ಕೊನೆಗೆ ವಂದನಾರ್ಪಣೆ. ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತದೆ. ಆದರೆ ಒಂದು ತಿಂಗಳ ನಂತರ ಆ ಶಿಬಿರದಲ್ಲಿ ಕಲಿತದ್ದೇನೆಂದು ಕೇಳಿದರೆ, ಬಹುಮಂದಿಗೆ ನೆನಪಿರುವುದು ಊಟ ಮತ್ತು ಹಾಡು ಮಾತ್ರ.

ಇದನ್ನು ಹಾಸ್ಯವೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಸಾಗುವಾಗ ಸಿಗುವ ಸೋಲೂರಿನಂಥ ಊರಿನಲ್ಲಿ, ಸುತ್ತಲಿನ ಹಳ್ಳಿಯ ಕೂಲಿಕಾರ್ಮಿಕ ಮಹಿಳೆಯೊಬ್ಬಳು ಶಿಬಿರಕ್ಕೆ ಬಂದಳೆಂದರೆ ಅಂದಿನ ಕೂಲಿಯನ್ನು ಬಿಟ್ಟು ಬಂದಿರುತ್ತಾಳೆ. ರೈತನು ಬಂದನೆಂದರೆ ರಾಗಿ ಹೊಲದ ಕಳೆಯನ್ನೋ, ಹಸುವಿನ ಮೇವನ್ನೋ ಬೇರೊಬ್ಬರಿಗೆ ಒಪ್ಪಿಸಿ ಬಂದಿರುತ್ತಾನೆ. ಅವರು ಬರಿಗೈಯಲ್ಲಿ ಮನೆಗೆ ಮರಳಿದರೆ ನಷ್ಟವಾದದ್ದು ಒಂದು ದಿನ ಮಾತ್ರವಲ್ಲ. ‘ನನ್ನ ತಲೆಗೆ ಇದು ಹತ್ತುವುದಿಲ್ಲ’ ಎಂಬ ಹಳೆಯ ಕೀಳರಿಮೆ ಅವರ ಮನಸ್ಸಿನಲ್ಲಿ ಇನ್ನಷ್ಟು ಆಳವಾಗಿ ಬೇರೂರುತ್ತದೆ. ಬಡವರ ಆತ್ಮಗೌರವಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಮತ್ತೊಂದಿಲ್ಲ.

ರೇಷ್ಮೆ ಮನೆಯ ಪಾಠ

ವಯಸ್ಕರಿಗೆ ಕಲಿಯುವ ಶಕ್ತಿ ಕಡಿಮೆ ಎಂಬ ಮಾತನ್ನು ಸುಳ್ಳು ಮಾಡಲು ದೂರ ಹೋಗಬೇಕಾಗಿಲ್ಲ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ರೇಷ್ಮೆ ಬೆಳೆಗಾರರನ್ನೇ ನೋಡೋಣ. ಹುಳುವಿನ ನಾಲ್ಕು ಜ್ವರಗಳನ್ನು ಗುರುತಿಸುವುದು, ಜ್ವರಕ್ಕೆ ಕುಳಿತಾಗ ಸೊಪ್ಪು ನಿಲ್ಲಿಸುವುದು, ಎದ್ದಾಗ ಹದವರಿತು ಹಾಕುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಇವೆಲ್ಲ ಸೂಕ್ಷ್ಮವಾದ ವಿದ್ಯೆಗಳು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಾಗ ಇದೇ ರೈತರು ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಪರದೆ ಕಟ್ಟುವುದನ್ನು ಕಲಿತುಕೊಂಡರು. ಶಾಲೆಯ ಮೆಟ್ಟಿಲು ಹತ್ತದವರೂ ಈ ವಿದ್ಯೆಯಲ್ಲಿ ಪಂಡಿತರೇ.

ಇದು ಹೇಗೆ ಸಾಧ್ಯವಾಯಿತು? ಮೊದಲನೆಯದಾಗಿ, ಕಲಿಕೆಯ ಅಗತ್ಯ ಅವರದೇ ಆಗಿತ್ತು. ಎರಡನೆಯದಾಗಿ, ಕೇಳಿದ್ದನ್ನು ಅಂದೇ ಕೈಯಿಂದ ಮಾಡಿ ನೋಡಿದರು. ಮೂರನೆಯದಾಗಿ, ವರ್ಷದಲ್ಲಿ ಹಲವು ಬೆಳೆ ಬರುವುದರಿಂದ ಅದೇ ಪಾಠ ಮರಳಿ ಮರಳಿ ಬಂತು. ನಾಲ್ಕನೆಯದಾಗಿ, ತಪ್ಪು ಒಪ್ಪುಗಳ ತೀರ್ಪು ತಡವಾಗಲಿಲ್ಲ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆಯೇ ಪರೀಕ್ಷೆಯ ಫಲಿತಾಂಶವಾಯಿತು. ಈ ನಾಲ್ಕು ಅಂಶಗಳಲ್ಲಿ ಒಂದಾದರೂ ನಮ್ಮ ಶಿಬಿರಗಳಲ್ಲಿ ಇದೆಯೇ ಎಂದು ಏರ್ಪಡಿಸುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ವಿಜ್ಞಾನವೂ ಈ ಅನುಭವವನ್ನೇ ಸಮರ್ಥಿಸುತ್ತದೆ. ಕಲಿತದ್ದರ ಬಹುಭಾಗವನ್ನು ಮನಸ್ಸು ಮೊದಲ ಗಂಟೆಗಳಲ್ಲೇ, ಮೊದಲ ದಿನಗಳಲ್ಲೇ ಕಳೆದುಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪಿನವರು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಶೇ. 83ಕ್ಕೆ ಶೇ. 71. ಆದರೆ ಒಂದು ವಾರದ ನಂತರ ಓದಿದವರಲ್ಲಿ ಉಳಿದದ್ದು ಶೇ. 40 ಮಾತ್ರ. ನೆನಪಿಸಿಕೊಂಡವರಲ್ಲಿ ಶೇ. 61 ಉಳಿದಿತ್ತು. ಶಿಬಿರದ ಕೊನೆಯಲ್ಲಿ ‘ಎಲ್ಲ ಅರ್ಥವಾಯಿತೇ?’ ಎಂದು ಕೇಳಿ, ‘ಆಯಿತು’ ಎಂಬ ಉತ್ತರ ಪಡೆದು ತೃಪ್ತರಾಗುವವರು ಈ ಅಂಕಿಗಳನ್ನು ಗಮನಿಸುವುದು ಒಳಿತು.

ಎಮ್ಮಾವುಸಿನ ದಾರಿ

ವಿಶ್ವಾಸಿಗಳಾದ ನಮಗೆ ಇದಕ್ಕಿಂತ ಹಿರಿದಾದ ಮಾದರಿಯೊಂದಿದೆ. ಸಂತ ಲೂಕರ ಶುಭಸಂದೇಶದ 24ನೆಯ ಅಧ್ಯಾಯದಲ್ಲಿ ಪುನರುತ್ಥಾನರಾದ ಪ್ರಭು ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರನ್ನು ಕೂಡಿಕೊಳ್ಳುತ್ತಾರೆ. ಅವರು ಉಪನ್ಯಾಸದಿಂದ ಆರಂಭಿಸುವುದಿಲ್ಲ, ಪ್ರಶ್ನೆಯಿಂದ ಆರಂಭಿಸುತ್ತಾರೆ. ಶಿಷ್ಯರು ತಮ್ಮ ದುಃಖವನ್ನೂ ನಿರಾಶೆಯನ್ನೂ ಪೂರ್ತಿಯಾಗಿ ಹೇಳಿಕೊಳ್ಳಲು ಬಿಡುತ್ತಾರೆ. ಆ ಬಳಿಕವೇ ಪವಿತ್ರಗ್ರಂಥದ ವಿವರಣೆ. ಅದರ ನಂತರ ರೊಟ್ಟಿ ಮುರಿಯುವ ಕ್ರಿಯೆ. ಕಣ್ಣು ತೆರೆದದ್ದು ಆ ಕ್ರಿಯೆಯಲ್ಲಿ. ಶಿಷ್ಯರು ಅದೇ ಗಳಿಗೆಯಲ್ಲಿ ಜೆರುಸಲೇಮಿಗೆ ಮರಳಿ ಕಂಡದ್ದನ್ನು ಇತರರಿಗೆ ಹೇಳುತ್ತಾರೆ. ಕೇಳುವುದು, ಆಲಿಸುವುದು, ವಿವರಿಸುವುದು, ಮಾಡುವುದು, ಹೇಳಿಸುವುದು: ಉತ್ತಮ ತರಬೇತಿಯ ಕ್ರಮವೆಲ್ಲ ಅಲ್ಲಿದೆ. ನಮ್ಮ ಶಿಬಿರಗಳು ಬಹುಮಟ್ಟಿಗೆ ನಡುವಣ ಹೆಜ್ಜೆಯೊಂದನ್ನೇ ಹಿಡಿದು ಕುಳಿತಿವೆ.

ಈ ದಾರಿಯಲ್ಲಿ ನಡೆದು ತೋರಿಸಿದವರೂ ಇದ್ದಾರೆ. ಕೆನಡಾದ ಆ್ಯಂಟಿಗೋನಿಶ್ ಎಂಬಲ್ಲಿ ಮೋಸೆಸ್ ಕೋಡಿ ಎಂಬ ಕಥೋಲಿಕ ಗುರುಗಳು 1928ರಿಂದ ಬಡ ಮೀನುಗಾರರು, ರೈತರು ಮತ್ತು ಗಣಿ ಕಾರ್ಮಿಕರನ್ನು ಸಣ್ಣ ಸಣ್ಣ ಅಧ್ಯಯನ ಕೂಟಗಳಲ್ಲಿ ಸೇರಿಸಿದರು. ಅಲ್ಲಿನ ಚರ್ಚೆ ತಮ್ಮ ಸರಕಿಗೆ ಬೆಲೆ ಏಕೆ ಸಿಗುವುದಿಲ್ಲ ಎಂಬ ಅವರದೇ ಪ್ರಶ್ನೆಯಿಂದ ಹೊರಟು ಸಹಕಾರ ಸಂಘಗಳ ಸ್ಥಾಪನೆಗೆ ಮುಟ್ಟಿತು. ಬ್ರೆಜಿಲಿನ ಪಾವ್ಲೊ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿಗೆ 40 ಗಂಟೆಗಳ ಅವಧಿಯಲ್ಲಿ ಓದು ಬರಹ ಕಲಿಸುವ ಕಾರ್ಯಕ್ರಮ ನಡೆಸಿದರು. ಅವರು ಆಯ್ದುಕೊಂಡದ್ದು ಮಕ್ಕಳ ಪುಸ್ತಕದ ಪದಗಳನ್ನಲ್ಲ, ದುಡಿಯುವವರ ಬಾಯಲ್ಲಿ ದಿನನಿತ್ಯ ಬಳಕೆಯಾಗುವ ಪದಗಳನ್ನು. ನಮ್ಮ ಬೆಂಗಳೂರಿನಲ್ಲೇ ಫಾದರ್ ಡಿ. ಎಸ್. ಅಮಲೋರ್ಪವದಾಸರು 1967ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವು, ಧರ್ಮೋಪದೇಶವು ಈ ನೆಲದ ಸಂಸ್ಕೃತಿ ಮತ್ತು ಬದುಕಿನಲ್ಲಿ ಬೇರೂರಬೇಕೆಂಬ ಧ್ಯೇಯವನ್ನು ಮುಂದಿಟ್ಟಿತು.

ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. ವಯಸ್ಕರಿಗೆ ನೀಡುವ ಧರ್ಮೋಪದೇಶವೇ ಧರ್ಮೋಪದೇಶದ ಪ್ರಧಾನ ರೂಪವೆಂದು ಪೋಪ್ ಎರಡನೆಯ ಜಾನ್ ಪಾಲರು 1979ರ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ಸಾರಿದರು. 2021ರ ಮೇ 10ರಂದು ಪೋಪ್ ಫ್ರಾನ್ಸಿಸರು ಉಪದೇಶಿಯ ಸೇವೆಯನ್ನು ಶ್ರೀಸಾಮಾನ್ಯರ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದರು. ಇಷ್ಟು ಗೌರವದ ಹೊಣೆಗೆ ಸಿದ್ಧತೆಯೂ ಅಷ್ಟೇ ಗೌರವದ್ದಾಗಿರಬೇಕು.

ಮಾಡಬೇಕಾದುದೇನು?

ಸೋಲೂರು ಭಾಗದಲ್ಲಿ ಉಪದೇಶಿಗಳಿಗೋ ಸ್ವಸಹಾಯ ಸಂಘಗಳಿಗೋ ತರಬೇತಿ ಏರ್ಪಡಿಸುವವರು ಕೆಲವು ಬದಲಾವಣೆಗಳನ್ನು ಮಾಡಿಕೊಳ್ಳಬಹುದು. ಒಂದು ದಿನದಲ್ಲಿ ಆರು ಗಂಟೆ ತುಂಬುವ ಬದಲು, ಎರಡು ಗಂಟೆಯ ಮೂರು ಸಂಜೆಗಳನ್ನು ಎರಡೆರಡು ವಾರಗಳ ಅಂತರದಲ್ಲಿ ಇಟ್ಟುಕೊಳ್ಳಲಿ. ಕೂಲಿಯೂ ಉಳಿಯುತ್ತದೆ, ನೆನಪೂ ಉಳಿಯುತ್ತದೆ. ಪ್ರತಿ ಸಂಜೆಗೂ ಒಂದೇ ಗುರಿ ಇರಲಿ. ಆ ಗುರಿ ‘ತಿಳಿದುಕೊಳ್ಳುವುದು’ ಎಂದಾಗದೆ ‘ಮಾಡುವುದು’ ಎಂದಾಗಲಿ. ಸಂಘದ ಲೆಕ್ಕಪತ್ರವೇ ವಿಷಯವಾದರೆ, ಲೆಕ್ಕದ ಮಹತ್ವವನ್ನು ಕುರಿತ ಭಾಷಣ ಬೇಡ. ಪ್ರತಿಯೊಬ್ಬ ಸದಸ್ಯೆಯೂ ತನ್ನ ಸಂಘದ ಪುಸ್ತಕವನ್ನೇ ತಂದು, ಕಳೆದ ವಾರದ ಜಮೆ ಖರ್ಚುಗಳನ್ನು ತಾನೇ ಬರೆಯಲಿ. ಬರೆಯಲು ಬಾರದವಳು ಬಾಯಿಲೆಕ್ಕ ಹೇಳಲಿ, ಪಕ್ಕದವಳು ಬರೆಯಲಿ.

ಎರಡನೆಯ ಸಂಜೆಯು ಹೊಸ ಪಾಠದಿಂದ ಆರಂಭವಾಗದಿರಲಿ. ಕಳೆದ ಬಾರಿ ಕಲಿತದ್ದನ್ನು ಮನೆಯಲ್ಲಿ, ಸಂಘದಲ್ಲಿ, ಧರ್ಮೋಪದೇಶದ ತರಗತಿಯಲ್ಲಿ ಹೇಗೆ ಬಳಸಿದಿರಿ, ಎಲ್ಲಿ ತೊಡಕಾಯಿತು ಎಂದು ಇಬ್ಬಿಬ್ಬರಾಗಿ ಮಾತನಾಡಿಕೊಳ್ಳಲಿ. ಪ್ರಭುಗಳು ಪ್ರೇಷಿತರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದನ್ನೂ, ಅವರು ಮರಳಿ ಬಂದು ತಾವು ಮಾಡಿದ್ದನ್ನು ವರದಿ ಮಾಡಿದ್ದನ್ನೂ ಸಂತ ಮಾರ್ಕರು ದಾಖಲಿಸಿದ್ದಾರೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹೆದರುವವರು ಒಬ್ಬರ ಮುಂದೆ ಮಾತನಾಡುತ್ತಾರೆ. ತಪ್ಪು ಹೇಳಿದವರನ್ನು ಎಲ್ಲರೆದುರು ತಿದ್ದುವ ಅಭ್ಯಾಸ ನಿಲ್ಲಬೇಕು. ವಯಸ್ಕನು ಒಮ್ಮೆ ಅವಮಾನಗೊಂಡರೆ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

ಇಂಥ ತರಬೇತಿಯಲ್ಲಿ ಹೇಳುವ ವಿಷಯ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಬರಬಹುದು. ಆ ಮಾತು ನಿಜ. ಹತ್ತು ವಿಷಯ ಹೇಳುವ ಕಡೆ ಮೂರನ್ನೇ ಹೇಳಲು ಸಾಧ್ಯ. ಆದರೆ ಹತ್ತು ಬೊಗಸೆ ಬೀಜವನ್ನು ಬಂಡೆಯ ಮೇಲೆ ಚೆಲ್ಲುವುದಕ್ಕಿಂತ ಮೂರು ಹಿಡಿಯನ್ನು ಹದವಾದ ನೆಲದಲ್ಲಿ ಬಿತ್ತುವುದು ಲೇಸೆಂಬುದನ್ನು ರಾಗಿ ಬೆಳೆಯುವ ಈ ಸೀಮೆಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಮುಂದಿನ ಶಿಬಿರದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮುನ್ನ, ಅಲ್ಲಿಗೆ ಬರಲಿರುವ ನಾಲ್ವರ ಮನೆಗೆ ಹೋಗಿ, ‘ನಿಮಗೆ ಏನು ಕಲಿಯಬೇಕೆನಿಸಿದೆ?’ ಎಂದು ಕೇಳೋಣ. ಅವರ ಉತ್ತರದಿಂದಲೇ ಶಿಬಿರದ ಮೊದಲ ಪಾಠ ಆರಂಭವಾಗಲಿ.